ಎರಡು ಆಟ, ಒಂದೇ ಮೈ

ಅಮೆರಿಕದ ಅಲಬಾಮಾ ಸಂಸ್ಥಾನದ ತರುಣನೊಬ್ಬ ೧೯೮೬ರಲ್ಲಿ ಮಾಡಿದ ಒಂದು ಆಯ್ಕೆಯನ್ನು ಆ ದೇಶದ ಕ್ರೀಡಾಪ್ರೇಮಿಗಳು ಇಂದಿಗೂ ಮರೆತಿಲ್ಲ. ಆತನ ಹೆಸರು ಬೋ ಜಾಕ್ಸನ್; ಆಬರ್ನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಅಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್ಮನ್ ಪಾರಿತೋಷಕ ಹಿಂದಿನ ವರ್ಷವಷ್ಟೇ ಆತನಿಗೆ ಬಂದಿತ್ತು. ಟ್ಯಾಂಪಾ ಬೇ ಬಕನಿಯರ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡದವರು ದೇಶದ ಎಲ್ಲ ತರುಣರೊಳಗೆ ಮೊಟ್ಟಮೊದಲು ಅವನನ್ನೇ ಆರಿಸಿ, ಐದು ವರ್ಷಕ್ಕೆ ಸುಮಾರು ೭೬ ಲಕ್ಷ ಡಾಲರು ಕೊಡುತ್ತೇವೆಂದರು. ಕ್ಯಾನ್ಸಸ್ ಸಿಟಿ ರಾಯಲ್ಸ್ ಎಂಬ ಬೇಸ್‌ಬಾಲ್ ತಂಡದವರು ಅವನನ್ನು ನಾಲ್ಕನೆಯ ಸುತ್ತಿನಲ್ಲಿ ಆರಿಸಿ, ಮೂರು ವರ್ಷಕ್ಕೆ ಸುಮಾರು ೧೦ ಲಕ್ಷ ಡಾಲರು ಕೊಡುತ್ತೇವೆಂದರು. ಜಾಕ್ಸನ್ ಬೇಸ್‌ಬಾಲಿಗೆ ಸಹಿ ಹಾಕಿದ.

ಇದನ್ನು ಹುಚ್ಚುತನವೆಂದವರು ಆಗ ಅನೇಕರು. ಆದರೆ ಎರಡು ಆಟಗಳಲ್ಲಿಯೂ ನಿಪುಣನಾದ ತರುಣ ಫುಟ್‌ಬಾಲನ್ನು ಬಿಟ್ಟು ಬೇಸ್‌ಬಾಲನ್ನು ಹಿಡಿಯುವುದು ಅಲ್ಲಿ ಅಪರೂಪವೇನೂ ಅಲ್ಲ. ಹಾಗೆ ಮಾಡಿದವರೊಳಗೆ ಹಲವರು ಬಹಳ ಲೆಕ್ಕಾಚಾರದಿಂದಲೇ ಮಾಡಿದ್ದಾರೆ. ಕೂಲಿ, ಕರಾರು, ನಷ್ಟಭಯ ಎಂಬ ಶಬ್ದಗಳನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಬರಿಯ ಶಬ್ದಗಳಾಗಿ ಓದುವ ನನಗೆ ಈ ಆಯ್ಕೆಯಲ್ಲಿ ಅವೆಲ್ಲ ಜೀವಂತವಾಗಿ ಕಂಡವು. ಆದ್ದರಿಂದ ಇದನ್ನು ಇಲ್ಲಿ ವಿವರಿಸಲು ಹೊರಟಿದ್ದೇನೆ.

ಮೊದಲಿಗೆ ಆಟಗಳ ವಿಚಾರ. ಫುಟ್‌ಬಾಲ್ ಎಂದೊಡನೆ ನಮ್ಮ ಮೈದಾನದಲ್ಲಿ ಆಡುವ ಕಾಲ್ಚೆಂಡು ವಾಚಕರ ನೆನಪಿಗೆ ಬರುವುದು ಸಹಜ. ಅಮೆರಿಕನ್ನರ ಫುಟ್‌ಬಾಲು ಅದಲ್ಲ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಪಕ್ಷಕ್ಕೆ ಹನ್ನೊಂದು ಮಂದಿ. ನಾಲ್ಕು ಪ್ರಯತ್ನಗಳೊಳಗೆ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಪ್ರಯತ್ನ. ಎದುರು ಪಕ್ಷದವರು ಚೆಂಡು ಹಿಡಿದವನನ್ನು ಕೆಡವಬೇಕು. ಕಬಡ್ಡಿಯ ಹಿಡಿತಕ್ಕೆ ಓಟದ ವೇಗವನ್ನೂ, ಆನೆಯಂತಹ ಆಳುಗಳ ತೂಕವನ್ನೂ ಸೇರಿಸಿದರೆ ಹೇಗೋ ಹಾಗೆ. ತಲೆಗೆ ಶಿರಸ್ತ್ರಾಣ, ಹೆಗಲಿಗೆ ದಪ್ಪನೆಯ ಕವಚ ಕಟ್ಟಿಕೊಂಡು ಆಡುವುದನ್ನು ನೋಡಿದರೇ ಸಾಕು, ಅದು ಎಂಥ ಆಟವೆಂಬುದು ತಿಳಿಯುತ್ತದೆ. ಮೈಗೆ ಮೈ ಅಪ್ಪಳಿಸುವುದು ಅಲ್ಲಿ ಆಕಸ್ಮಿಕವಲ್ಲ, ಆಟದ ತಿರುಳೇ ಅದು.

ಬೇಸ್‌ಬಾಲು ನಮ್ಮ ಕ್ರಿಕೆಟಿಗೆ ದೂರದ ನೆಂಟ. ಪಕ್ಷಕ್ಕೆ ಒಂಬತ್ತು ಮಂದಿ. ಪಿಚರ್ ಎಂಬಾತ ಅರವತ್ತು ಅಡಿ ಆರು ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ಎದುರಿನವನು ಉರುಟಾದ ದೊಣ್ಣೆಯಿಂದ ಅದನ್ನು ಹೊಡೆದು, ಚೌಕದ ನಾಲ್ಕು ಮೂಲೆಗಳಲ್ಲಿರುವ ನೆಲೆಗಳನ್ನು ಸುತ್ತಿ ಬಂದರೆ ಒಂದು ರನ್ನು. ಮೂವರು ಔಟಾದರೆ ಎದುರು ಪಕ್ಷದ ಸರದಿ. ಹೀಗೆ ಒಂಬತ್ತು ಇನ್ನಿಂಗ್ಸು. ಕೇಳಲು ಸುಲಭ, ಆದರೆ ಆ ಚೆಂಡನ್ನು ಹೊಡೆಯುವುದು ಎಷ್ಟು ಕಷ್ಟವೆಂದರೆ, ಹತ್ತರಲ್ಲಿ ಮೂರು ಬಾರಿ ಸರಿಯಾಗಿ ಹೊಡೆದವನನ್ನು ಅಲ್ಲಿ ಬಹಳ ಒಳ್ಳೆಯ ಆಟಗಾರನೆನ್ನುತ್ತಾರೆ. ಏಳು ಬಾರಿ ಸೋತವನಿಗೆ ಈ ಗೌರವ! ಮುಂದೆ ಹೇಳುವ ಮಾತಿಗೆ ಇದು ಬೇಕಾಗುತ್ತದೆ, ವಾಚಕರು ನೆನಪಿನಲ್ಲಿಡಬೇಕು.

ಫುಟ್‌ಬಾಲಿನ ಕಾಲ ಶರದೃತು, ಬೇಸ್‌ಬಾಲಿನದು ವಸಂತ ಮತ್ತು ಬೇಸಿಗೆ. ಆದಕಾರಣ ಅಮೆರಿಕದ ಪ್ರೌಢಶಾಲೆಗಳಲ್ಲಿ ಚುರುಕಾದ ಹುಡುಗನೊಬ್ಬ ಎರಡನ್ನೂ ಆಡುವುದು ಸಾಮಾನ್ಯ. ಶಾಲೆ ಮುಗಿದು ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಎರಡರಲ್ಲೊಂದನ್ನು ಬಿಡಬೇಕಾಗುತ್ತದೆ.

ಬೇಸ್‌ಬಾಲಿನ ಬಾಗಿಲು ಬೇಗ ತೆರೆಯುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ, ಪ್ರೌಢಶಾಲೆ ಮುಗಿಸಿದೊಡನೆಯೇ, ಮೇಜರ್ ಲೀಗಿನ ಮೂವತ್ತು ತಂಡಗಳಲ್ಲಿ ಒಂದು ಅವನನ್ನು ಆರಿಸಿ, ಸಹಿ ಹಾಕಿದ್ದಕ್ಕೆಂದೇ ಒಂದು ಮೊಬಲಗನ್ನು ಕೈಯಲ್ಲಿಡಬಹುದು. ಫುಟ್‌ಬಾಲಿನಲ್ಲಿ ಹಾಗಿಲ್ಲ. ನ್ಯಾಷನಲ್ ಫುಟ್‌ಬಾಲ್ ಲೀಗು ಪ್ರೌಢಶಾಲೆ ಮುಗಿದು ಮೂರು ವರ್ಷವಾಗುವ ತನಕ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಮಾರಿಸ್ ಕ್ಲಾರೆಟ್ ಎಂಬ ತರುಣ ಈ ನಿಯಮದ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, ೨೦೦೪ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದು ಮೇಲಿನ ಕೋರ್ಟಿನಲ್ಲಿ ಸೋತ. ಆ ಮೂರು ವರ್ಷ ಹುಡುಗ ಕಾಲೇಜಿಗಾಗಿ ಆಡಬೇಕು. ಬಹುಕಾಲದವರೆಗೆ ಇದಕ್ಕೆ ಅವನಿಗೆ ಸಿಗುತ್ತಿದ್ದುದು ಶುಲ್ಕ, ಊಟ, ವಸತಿಗಳ ವಿದ್ಯಾರ್ಥಿವೇತನ ಮಾತ್ರ. ಮೊಣಕಾಲು ಮುರಿಯುವುದಿದ್ದರೆ ಆ ಮೂರು ವರ್ಷಗಳಲ್ಲಿಯೂ ಮುರಿಯಬಹುದಲ್ಲವೆ? ಒಂದು ಕಾಸು ಸಂಪಾದಿಸುವ ಮೊದಲೇ ಆಟ ಮುಗಿದು ಹೋದವರ ಸಂಖ್ಯೆ ಸಣ್ಣದಲ್ಲ.

ಮಿನೆಸೋಟ ಸಂಸ್ಥಾನದ ಸೇಂಟ್ ಪಾಲ್ ನಗರದ ಜೋ ಮವರ್ ಎಂಬ ಹುಡುಗನ ಕಥೆ ಇಲ್ಲಿ ಹೇಳತಕ್ಕದ್ದು. ಶಾಲೆಯಲ್ಲಿದ್ದಾಗ ಆತ ದೇಶಕ್ಕೇ ಹೆಸರಾದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಎಸೆದು ತಂಡವನ್ನು ನಡೆಸುವವನು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಫುಟ್‌ಬಾಲ್ ಆಡಲು ಮಾತು ಕೊಟ್ಟಿದ್ದ. ೨೦೦೧ರಲ್ಲಿ ಅವನ ಊರಿನವರೇ ಆದ ಮಿನೆಸೋಟ ಟ್ವಿನ್ಸ್ ತಂಡದವರು ಅವನನ್ನು ದೇಶದ ಮೊದಲನೆಯ ಆಯ್ಕೆಯಾಗಿ ತೆಗೆದುಕೊಂಡು, ಸಹಿಗೆ ೫೧ ಲಕ್ಷ ಡಾಲರು ಮೀರಿ ಕೊಟ್ಟರು. ಕಾಲೇಜಿನಲ್ಲಿ ಮೂರು ವರ್ಷ ಮೈಯೊಡ್ಡಿದ ಮೇಲೆ ಬರಬಹುದಾದ ಹಣಕ್ಕೂ, ಇಂದೇ ಮನೆಗೆ ಬರುವ ಹಣಕ್ಕೂ ಇರುವ ಅಂತರ ಆ ಮನೆಯವರಿಗೆ ತಿಳಿಯದ ಸಂಗತಿಯೇನಲ್ಲ. ಮವರನ ಕಥೆ ಮುಂದಕ್ಕೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಆದರೆ ಬಾಗಿಲು ಬೇಗ ತೆರೆದರೂ ಒಳಗೆ ಬಹಳ ಉದ್ದದ ಮೊಗಸಾಲೆ ಇದೆ. ಅದರ ಹೆಸರು ಮೈನರ್ ಲೀಗು. ಫುಟ್‌ಬಾಲಿನಲ್ಲಿ ಆಯ್ಕೆಯಾದವನು ಅದೇ ವರ್ಷ ದೊಡ್ಡ ಮೈದಾನಕ್ಕೆ ಇಳಿಯುತ್ತಾನೆ. ಬೇಸ್‌ಬಾಲಿನಲ್ಲಿ ಆಯ್ಕೆಯಾದವನನ್ನು ಸಣ್ಣ ಊರಿನ ಸಣ್ಣ ತಂಡಕ್ಕೆ ಕಳುಹಿಸುತ್ತಾರೆ. ಅಲ್ಲಿ ಪಳಗಿದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ತಂಡ, ಅಲ್ಲಿ ಗೆದ್ದರೆ ಇನ್ನೊಂದು ಮೆಟ್ಟಿಲು. ಹತ್ತರಲ್ಲಿ ಏಳು ಬಾರಿ ಸೋಲುವ ವಿದ್ಯೆ ಬಲದಿಂದಾಗಲಿ ಓಟದಿಂದಾಗಲಿ ಬರುವುದಿಲ್ಲ. ಸಾವಿರಾರು ಚೆಂಡುಗಳನ್ನು ಕಂಡು ಕಣ್ಣು ಪಳಗಬೇಕು. ರಾತ್ರಿಯೆಲ್ಲ ಬಸ್ಸಿನ ಪ್ರಯಾಣ, ಅಗ್ಗದ ವಸತಿ. ೨೦೨೦ರವರೆಗೂ ತಳದ ಮೆಟ್ಟಿಲಿನವನಿಗೆ ಸಿಗುತ್ತಿದ್ದ ಸಂಬಳ ವಾರಕ್ಕೆ ೨೯೦ ಡಾಲರು, ಅದೂ ಆಟದ ತಿಂಗಳುಗಳಲ್ಲಿ ಮಾತ್ರ. ೨೦೨೩ರಲ್ಲಿ ಈ ಆಟಗಾರರಿಗೆ ತಮ್ಮದೇ ಮೊದಲ ಸಾಮೂಹಿಕ ಒಪ್ಪಂದ ದೊರೆತ ಮೇಲೆ ತಳದವನಿಗೆ ವರ್ಷಕ್ಕೆ ೧೯,೮೦೦ ಡಾಲರು, ಮೇಲಿನ ಮೆಟ್ಟಿಲಿನವನಿಗೆ ೩೫,೮೦೦ ಡಾಲರು ಎಂದಾಯಿತು. ಅಮೆರಿಕದ ಬೆಲೆಗಳಿಗೆ ಇದೂ ಹೆಚ್ಚೇನಲ್ಲ. ಆಯ್ಕೆಯಾದವರಲ್ಲಿ ಬಹುಮಂದಿ ಮೇಜರ್ ಲೀಗನ್ನು ಕಾಣದೆಯೇ ಮನೆಗೆ ಮರಳುತ್ತಾರೆ.

ಡ್ರೂ ಹೆನ್ಸನ್ ಎಂಬಾತ ಮಿಷಿಗನ್ ವಿಶ್ವವಿದ್ಯಾನಿಲಯದ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ನ್ಯೂಯಾರ್ಕ್ ಯಾಂಕೀಸ್ ತಂಡ ೨೦೦೧ರಲ್ಲಿ ಆರು ವರ್ಷಕ್ಕೆ ೧ ಕೋಟಿ ೭೦ ಲಕ್ಷ ಡಾಲರು ಕೊಟ್ಟು ಅವನನ್ನು ಫುಟ್‌ಬಾಲಿನಿಂದ ಬಿಡಿಸಿತು. ಮೇಜರ್ ಲೀಗಿನಲ್ಲಿ ಅವನು ಹೊಡೆದದ್ದು ಒಂದೇ ಒಂದು ಹಿಟ್. ೨೦೦೪ರಲ್ಲಿ ಫುಟ್‌ಬಾಲಿಗೇ ಹಿಂದಿರುಗಿದ. ಬೇಸ್‌ಬಾಲನ್ನು ಹೊಗಳುವವರು ಈ ಹೆಸರನ್ನು ಹೇಳುವುದು ಕಡಮೆ. ಹೇಳದಿದ್ದರೆ ಲೆಕ್ಕ ಸರಿಯಾಗುವುದಿಲ್ಲವೆಂದು ನಾನು ಹೇಳಿದೆ.

ಹಾಗಾದರೆ ಈ ಮೊಗಸಾಲೆಯಲ್ಲಿ ಕಾಯುವುದಕ್ಕೆ ಜನ ಏಕೆ ಒಪ್ಪುತ್ತಾರೆ? ಕೊನೆಯಲ್ಲಿರುವ ಕೋಣೆಗಾಗಿ. ಆ ಕೋಣೆಯಲ್ಲಿರುವುದು ಬರಿಯ ಹಣವಲ್ಲ, ಖಾತರಿಯಾದ ಹಣ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಬೇಸ್‌ಬಾಲ್ ತಂಡವೊಂದು ಆಟಗಾರನೊಡನೆ ಐದು ವರ್ಷದ ಕರಾರು ಮಾಡಿಕೊಂಡಿತೆನ್ನೋಣ. ಎರಡನೆಯ ವರ್ಷ ಅವನ ತೋಳು ಕೆಟ್ಟಿತು, ಇಲ್ಲವೆ ಆಟವೇ ಮಂಕಾಯಿತು. ಆದರೂ ಉಳಿದ ಮೂರು ವರ್ಷದ ಸಂಬಳವನ್ನು ತಂಡ ಕೊಡಲೇಬೇಕು. ಫುಟ್‌ಬಾಲಿನಲ್ಲಿ ಹಾಗಲ್ಲ. ಅಲ್ಲಿ ಪತ್ರಿಕೆಯಲ್ಲಿ ಅಚ್ಚಾಗುವ ಅಂಕೆ ಬೇರೆ, ಕೈಗೆ ಬರುವ ಹಣ ಬೇರೆ. ಸಹಿಯ ಮೊಬಲಗು ಮತ್ತು ಕರಾರಿನ ಒಂದು ಭಾಗ ಮಾತ್ರ ಖಾತರಿ. ಉಳಿದದ್ದು ಆಯಾ ವರ್ಷ ಅವನನ್ನು ತಂಡದಲ್ಲಿ ಇಟ್ಟುಕೊಂಡರೆ ಮಾತ್ರ. ಬೇಡವೆನಿಸಿದ ದಿನ ಹೆಸರು ಹೊಡೆದರೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಖಾತರಿ ಕೊಟ್ಟ ಮುಂದಿನ ವರ್ಷಗಳ ಹಣವನ್ನು ತಂಡಗಳು ಮುಂಚೆಯೇ ಠೇವಣಿಯಾಗಿ ಇಡಬೇಕೆಂಬ ಹಳೆಯ ನಿಯಮವೊಂದು ಅಲ್ಲಿ ಉಂಟು. ಮಾಲೀಕರು ಖಾತರಿ ಕೊಡಲು ಹಿಂಜರಿಯುವುದಕ್ಕೆ ಅದೂ ಒಂದು ನೆಪ. ಮೊದಲ ಸುತ್ತಿನಲ್ಲಿ ಆಯ್ಕೆಯಾದವರಿಗೂ, ಹೆಸರಾಂತ ಕ್ವಾರ್ಟರ್‌ಬ್ಯಾಕುಗಳಿಗೂ ಈಚೆಗೆ ಖಾತರಿ ಹೆಚ್ಚುತ್ತಿದೆ ಎಂಬುದನ್ನೂ ಹೇಳಬೇಕು. ಆದರೆ ಅದು ಕೆಲವರ ಭಾಗ್ಯ.

ಈ ವ್ಯತ್ಯಾಸ ಬಂದದ್ದು ಬೇಸ್‌ಬಾಲ್ ಮಾಲೀಕರು ಧರ್ಮಿಷ್ಠರಾದ್ದರಿಂದಲ್ಲ. ಒಂದು ಕಾಲದಲ್ಲಿ ಅಲ್ಲಿಯೂ ಆಟಗಾರ ಒಮ್ಮೆ ಸಹಿ ಹಾಕಿದರೆ ಜೀವಮಾನವೆಲ್ಲ ಆ ತಂಡದ ಆಳು. ತಂಡ ಅವನನ್ನು ಮಾರಬಹುದಿತ್ತು, ಅವನು ಬಿಟ್ಟು ಹೋಗುವಂತಿರಲಿಲ್ಲ. ೧೯೬೬ರಲ್ಲಿ ಉಕ್ಕಿನ ಕಾರ್ಮಿಕರ ಸಂಘದಲ್ಲಿ ದುಡಿದು ಅನುಭವವಿದ್ದ ಮಾರ್ವಿನ್ ಮಿಲ್ಲರ್ ಅವರು ಆಟಗಾರರ ಸಂಘದ ಮುಖ್ಯಸ್ಥರಾದರು. ೧೯೬೯ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಫಿಲಡೆಲ್ಫಿಯಾಕ್ಕೆ ದಾಟಿಸಿದಾಗ, ಕೊಂಡು ಮಾರುವ ಸರಕು ತಾನಲ್ಲವೆಂದು ಆತ ಪತ್ರ ಬರೆದು ಕೋರ್ಟಿಗೆ ಹೋದ. ಆಗ ಅವನ ಸಂಬಳ ವರ್ಷಕ್ಕೆ ೯೦ ಸಾವಿರ ಡಾಲರು. ಅದನ್ನೂ, ಆಟವನ್ನೂ ಪಣವಾಗಿಟ್ಟ. ೧೯೭೨ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ೫-೩ರ ಬಹುಮತದಿಂದ ಸೋತ. ಆದರೆ ಅವನ ಸೋಲು ವ್ಯರ್ಥವಾಗಲಿಲ್ಲ. ೧೯೭೫ರ ಡಿಸೆಂಬರಿನಲ್ಲಿ ಮೆಸರ್‌ಸ್ಮಿತ್ ಮತ್ತು ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರುಗಳ ವ್ಯಾಜ್ಯದಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಆಟಗಾರರ ಪರವಾಗಿ ತೀರ್ಪಿತ್ತರು. ಹಳೆಯ ಸಂಕಲೆ ಕಳಚಿತು. ಆಟಗಾರರು ಆರು ವರ್ಷ ಮೇಜರ್ ಲೀಗಿನಲ್ಲಿ ಆಡಿದ ಮೇಲೆ ಬೇಕಾದ ತಂಡದೊಡನೆ ವ್ಯವಹರಿಸುವ ಹಕ್ಕು ಆ ಬಳಿಕದ ಒಪ್ಪಂದದಲ್ಲಿ ಬಂತು. ಸಂಬಳದ ಮೇಲೆ ಮಿತಿ ಹೇರಬೇಕೆಂದು ಮಾಲೀಕರು ಹಟ ಹಿಡಿದಾಗ ೧೯೯೪ರ ಆಗಸ್ಟಿನಿಂದ ೧೯೯೫ರ ಏಪ್ರಿಲಿನವರೆಗೆ ಆಟಗಾರರು ಮುಷ್ಕರ ಹೂಡಿದರು. ಆ ವರ್ಷದ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಮಿತಿ ಬರಲಿಲ್ಲ.

ಫುಟ್‌ಬಾಲ್ ಆಟಗಾರರೂ ೧೯೮೭ರಲ್ಲಿ ಮುಷ್ಕರ ಹೂಡಿದರು. ಮಾಲೀಕರು ಬೇರೆ ಆಳುಗಳನ್ನು ತಂದು ಮೂರು ವಾರ ಆಟ ನಡೆಸಿಬಿಟ್ಟರು; ಸಂಘ ಮುರಿಯಿತು. ೧೯೯೩ರಲ್ಲಿ ತಂಡ ಬದಲಾಯಿಸುವ ಸ್ವಾತಂತ್ರ್ಯವೇನೋ ಬಂತು, ಅದರ ಬೆನ್ನಿಗೇ ೧೯೯೪ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿಯೂ ಬಂತು. ಒಂದೊಂದು ತಂಡಕ್ಕೆ ಐವತ್ಮೂರು ಮಂದಿ, ಹಂಚಬೇಕಾದ ಹಣಕ್ಕೆ ಮೇಲ್ಮಿತಿ. ದುಬಾರಿಯಾದ ಹಳಬನನ್ನು ಬಿಟ್ಟು ಅಗ್ಗದ ಹೊಸಬನನ್ನು ತರುವುದು ಲೆಕ್ಕಕ್ಕೆ ಸರಿಹೋಗುತ್ತದೆ. ಎರಡು ಆಟಗಳಲ್ಲಿಯೂ ಮಾಲೀಕರು ಒಂದೇ ಜಾತಿಯ ಧನಿಕರು. ಬೇರೆಯಾದದ್ದು ಸಂಘಗಳ ಚರಿತ್ರೆ.

ನಮ್ಮ ಮನೆಗಳಲ್ಲಿ ಹುಡುಗನಿಗೆ ನೌಕರಿ ಸಿಕ್ಕಿತೆಂದರೆ ಹಿರಿಯರು ಕೇಳುವ ಎರಡನೆಯ ಪ್ರಶ್ನೆ ‘ಪಿಂಚಣಿ ಉಂಟೋ?’ ಎಂದು. ಆ ಪ್ರಶ್ನೆಗೂ ಬೇಸ್‌ಬಾಲಿನಲ್ಲಿ ಒಳ್ಳೆಯ ಉತ್ತರವಿದೆ. ಮೇಜರ್ ಲೀಗ್ ತಂಡದಲ್ಲಿ ನಲವತ್ಮೂರು ದಿನ ಇದ್ದವನಿಗೆ ಸ್ವಲ್ಪವಾದರೂ ಪಿಂಚಣಿ ಹುಟ್ಟುತ್ತದೆ. ಹತ್ತು ವರ್ಷ ಇದ್ದವನಿಗೆ ಪೂರ್ಣ. ಫುಟ್‌ಬಾಲಿನಲ್ಲಿ ಪಿಂಚಣಿ ಹುಟ್ಟಬೇಕಾದರೆ ಮೂರು ಋತುಗಳು ಬೇಕು. ಅಲ್ಲಿಯ ಆಟಗಾರರ ಸಂಘದವರೇ ಹೇಳುವಂತೆ ಸರಾಸರಿ ಆಟಗಾರನ ವೃತ್ತಿಜೀವನ ಸುಮಾರು ಮೂರೂಕಾಲು ವರ್ಷ. ಲೀಗಿನ ಆಡಳಿತದವರು ಈ ಲೆಕ್ಕವನ್ನು ಒಪ್ಪದೆ, ಮೊದಲ ವರ್ಷ ತಂಡದಲ್ಲಿ ನೆಲೆ ನಿಂತವರನ್ನು ಮಾತ್ರ ಎಣಿಸಿದರೆ ಆರು ವರ್ಷವಾಗುತ್ತದೆನ್ನುತ್ತಾರೆ. ಬೇಸ್‌ಬಾಲಿನಲ್ಲಿ ಪಿಚರುಗಳನ್ನು ಬಿಟ್ಟು ಉಳಿದವರ ವೃತ್ತಿಜೀವನ ಸರಾಸರಿ ೫.೬ ವರ್ಷವೆಂದು ೨೦೦೭ರ ಒಂದು ಅಧ್ಯಯನ ಹೇಳಿತು. ಐವರಲ್ಲಿ ಒಬ್ಬನದು ಒಂದೇ ವರ್ಷಕ್ಕೆ ಮುಗಿಯುತ್ತದೆಂದೂ ಅದೇ ಹೇಳಿತು. ಸರಾಸರಿಯ ಮಾತು ಇರಲಿ. ನಿಜವಾದ ಅಂತರ ಕಾಣುವುದು ಮೇಲಿನವರಲ್ಲಿ. ಟೆನೆಸೀ ವಿಶ್ವವಿದ್ಯಾನಿಲಯದಲ್ಲಿ ೧೯೯೪ರಲ್ಲಿ ಟಾಡ್ ಹೆಲ್ಟನ್ ಎಂಬ ಕ್ವಾರ್ಟರ್‌ಬ್ಯಾಕ್ ಮೊಣಕಾಲಿಗೆ ಪೆಟ್ಟು ತಿಂದು ಹೊರಗುಳಿದಾಗ ಅವನ ಜಾಗಕ್ಕೆ ಬಂದವನು ಮುಂದೆ ಜಗತ್ಪ್ರಸಿದ್ಧನಾದ ಪೇಟನ್ ಮ್ಯಾನಿಂಗ್. ಹೆಲ್ಟನ್ ಬೇಸ್‌ಬಾಲಿಗೆ ಹೋಗಿ, ಕೊಲರಾಡೋ ರಾಕೀಸ್ ಎಂಬ ಒಂದೇ ತಂಡದಲ್ಲಿ ಹದಿನೇಳು ಋತು ಆಡಿ, ೨೦೨೪ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರವನ್ನು ಸೇರಿದ.

ಇನ್ನು ಮೈಯ ಮಾತು. ಎಲುಬು ಮುರಿದರೆ ಕೂಡಿಸಬಹುದು. ಫುಟ್‌ಬಾಲಿನಲ್ಲಿ ಈಗ ತಾಯಂದಿರನ್ನು ಹೆದರಿಸಿರುವುದು ಎಲುಬಲ್ಲ, ಮಿದುಳು. ೨೦೦೨ರಲ್ಲಿ ಪಿಟ್ಸ್‌ಬರ್ಗಿನ ಪ್ರಸಿದ್ಧ ಆಟಗಾರ ಮೈಕ್ ವೆಬ್‌ಸ್ಟರ್ ಐವತ್ತು ವರ್ಷಕ್ಕೇ, ಬುದ್ಧಿ ಕದಡಿದ ಸ್ಥಿತಿಯಲ್ಲಿ ತೀರಿಕೊಂಡ. ಶವಪರೀಕ್ಷೆ ಮಾಡಿದ ಡಾ. ಬೆನೆಟ್ ಒಮಾಲು ಅವರು ಮಿದುಳನ್ನು ಸೂಕ್ಷ್ಮವಾಗಿ ಪರಿಶೀಲಿಸಿ, ಪದೇಪದೇ ಬಿದ್ದ ಪೆಟ್ಟಿನಿಂದ ಬರುವ ಸಿ.ಟಿ.ಇ. ಎಂಬ ಬೇನೆಯನ್ನು ಅಲ್ಲಿ ಕಂಡು, ೨೦೦೫ರಲ್ಲಿ ಪ್ರಕಟಿಸಿದರು. ಬಾಸ್ಟನ್ ವಿಶ್ವವಿದ್ಯಾನಿಲಯದವರು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ೧೧೧ ಮಂದಿ ಮಾಜಿ ವೃತ್ತಿಪರ ಆಟಗಾರರ ಮಿದುಳುಗಳಲ್ಲಿ ೧೧೦ರಲ್ಲಿ ಆ ಬೇನೆಯಿತ್ತು. ಈ ಅಂಕೆಯನ್ನು ಓದುವಾಗ ಎಚ್ಚರ ಬೇಕು. ಅವು ರೋಗದ ಶಂಕೆಯಿಂದ ಮನೆಯವರು ದಾನವಾಗಿ ಕೊಟ್ಟ ಮಿದುಳುಗಳು. ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ಬೇನೆ ಇದೆಯೆಂದು ಇದರಿಂದ ಅರ್ಥ ಮಾಡಬಾರದೆಂದು ಅಧ್ಯಯನ ಮಾಡಿದವರೇ ಎಚ್ಚರಿಸಿದ್ದಾರೆ. ಆದರೂ ಅದನ್ನು ಓದಿದ ತಂದೆತಾಯಿ ತಮ್ಮ ಹುಡುಗನ ಕೈಗೆ ಹೆಲ್ಮೆಟ್ಟಿನ ಬದಲು ಬೇಸ್‌ಬಾಲಿನ ಕೈಗವಸು ಕೊಟ್ಟರೆ ಆಶ್ಚರ್ಯವೇನು?

ಹಾಗೆಂದು ಬೇಸ್‌ಬಾಲು ಹೂವಿನ ಹಾಸಿಗೆಯಲ್ಲ. ಪಿಚರುಗಳ ಮೊಣಕೈಯ ಅಸ್ಥಿರಜ್ಜು ಹರಿಯುವುದು ಎಷ್ಟು ಸಾಮಾನ್ಯವೆಂದರೆ, ೧೯೭೪ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅವರು ಮೊದಲು ಮಾಡಿದ ಅದರ ಶಸ್ತ್ರಚಿಕಿತ್ಸೆಗೆ ರೋಗಿಯಾದ ಟಾಮಿ ಜಾನ್ ಎಂಬ ಪಿಚರನ ಹೆಸರೇ ನಿಂತಿದೆ. ಜೋ ಮವರನ ಉಳಿದ ಕಥೆಯನ್ನು ಈಗ ಹೇಳಬೇಕು. ಆತ ಕ್ಯಾಚರ್, ನಮ್ಮ ವಿಕೆಟ್‌ಕೀಪರನಂತೆ ಹೊಡೆಯುವವನ ಹಿಂದೆ ಕುಳಿತು ಚೆಂಡು ಹಿಡಿಯುವವನು. ೨೦೦೬, ೨೦೦೮, ೨೦೦೯ರಲ್ಲಿ ತನ್ನ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಅವನದು. ೨೦೧೦ರಲ್ಲಿ ಎಂಟು ವರ್ಷಕ್ಕೆ ೧೮ ಕೋಟಿ ೪೦ ಲಕ್ಷ ಡಾಲರಿನ ಕರಾರಾಯಿತು. ೨೦೧೩ರ ಆಗಸ್ಟಿನಲ್ಲಿ ದೊಣ್ಣೆಗೆ ಸವರಿ ಬಂದ ಚೆಂಡು ಮುಖವಾಡಕ್ಕೆ ಬಡಿದು ಮಿದುಳಿಗೆ ಆಘಾತವಾಯಿತು. ಅಂದಿನಿಂದ ಅವನು ಕ್ಯಾಚರನ ಕೆಲಸ ಬಿಡಬೇಕಾಯಿತು; ಮೊದಲಿನ ಹೊಡೆತವೂ ಮರಳಲಿಲ್ಲ. ಆದರೆ ಫಸ್ಟ್ ಬೇಸಿನಲ್ಲಿ ನಿಂತು ೨೦೧೮ರವರೆಗೆ ಆಡಿದ, ಕರಾರಿನ ಹಣ ಅಷ್ಟೂ ಸಂದಿತು, ೨೦೨೪ರಲ್ಲಿ ಕೀರ್ತಿಮಂದಿರಕ್ಕೂ ಹೋದ. ಫುಟ್‌ಬಾಲ್ ಆಟಗಾರನಿಗೆ ಕರಾರಿನ ಮೂರನೆಯ ವರ್ಷ ಇಂಥ ಪೆಟ್ಟು ಬಿದ್ದಿದ್ದರೆ ಉಳಿದ ಐದು ವರ್ಷದ ಗತಿ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಬೋ ಜಾಕ್ಸನ್ ೭೬ ಲಕ್ಷವನ್ನು ಬಿಟ್ಟದ್ದಕ್ಕೆ ಇವೆಲ್ಲವೂ ಕಾರಣವೆಂದು ಹೇಳಿದರೆ ತಪ್ಪಾದೀತು. ಮಿದುಳಿನ ವಿಚಾರ ಆಗ ಯಾರಿಗೂ ತಿಳಿದಿರಲಿಲ್ಲ. ಒಂದು ಕಾರಣ ಶುದ್ಧ ಸ್ವಾಭಿಮಾನ. ೧೯೮೬ರ ವಸಂತದಲ್ಲಿ ಟ್ಯಾಂಪಾ ತಂಡದವರು ವೈದ್ಯ ಪರೀಕ್ಷೆಗೆಂದು ಮಾಲೀಕನ ವಿಮಾನದಲ್ಲಿ ಅವನನ್ನು ಕರೆಸಿಕೊಂಡರು. ಇದರಿಂದ ನಿಯಮಕ್ಕೆ ಭಂಗವಿಲ್ಲವೆಂದು ಅವನಿಗೆ ಹೇಳಲಾಗಿತ್ತು. ಭಂಗವಿತ್ತು. ಕಾಲೇಜಿನ ಕೊನೆಯ ವರ್ಷದ ಬೇಸ್‌ಬಾಲ್ ಆಡುವ ಅರ್ಹತೆ ಅವನಿಗೆ ತಪ್ಪಿತು. ಬೇಸ್‌ಬಾಲಿನಿಂದ ತನ್ನನ್ನು ಬಿಡಿಸಲೆಂದೇ ಇದನ್ನು ಮಾಡಿದರೆಂದು ಜಾಕ್ಸನ್ ನಂಬಿದ, ಆ ತಂಡಕ್ಕೆ ಆಡುವುದಿಲ್ಲವೆಂದ, ಆಡಲಿಲ್ಲ. ಹಣದ ಲೆಕ್ಕದಲ್ಲಿ ಮಾನದ ಬಾಬತ್ತನ್ನು ನಮ್ಮ ಅರ್ಥಶಾಸ್ತ್ರದ ಪುಸ್ತಕಗಳು ಎಲ್ಲಿ ಬರೆಯುತ್ತವೆಯೋ ನನಗೆ ಇನ್ನೂ ಸಿಕ್ಕಿಲ್ಲ.

ಮೆಂಫಿಸ್ ನಗರದ ಮೈನರ್ ಲೀಗ್ ತಂಡದಲ್ಲಿ ಐವತ್ಮೂರು ಆಟ ಆಡಿ ಅದೇ ಸೆಪ್ಟೆಂಬರಿನಲ್ಲಿ ಆತ ಮೇಜರ್ ಲೀಗಿಗೆ ಬಂದ. ಮರುವರ್ಷ ಲಾಸ್ ಏಂಜಲೀಸ್ ರೇಡರ್ಸ್ ಎಂಬ ಬೇರೊಂದು ಫುಟ್‌ಬಾಲ್ ತಂಡ ಏಳನೆಯ ಸುತ್ತಿನಲ್ಲಿ ಅವನನ್ನು ಆರಿಸಿ, ಬೇಸ್‌ಬಾಲ್ ಋತು ಮುಗಿದ ಮೇಲೆ ಬಂದರೆ ಸಾಕೆಂದಿತು. ಅದನ್ನು ಆತ ತನ್ನ ಹವ್ಯಾಸವೆಂದು ಕರೆದ. ೧೯೮೯ರಲ್ಲಿ ಬೇಸ್‌ಬಾಲಿನ ತಾರೆಗಳ ಪಂದ್ಯದಲ್ಲಿ ಶ್ರೇಷ್ಠ ಆಟಗಾರನೆನಿಸಿದ. ೧೯೯೦ರ ಋತುವಿನಲ್ಲಿ ಫುಟ್‌ಬಾಲಿನ ತಾರೆಗಳ ಪಂದ್ಯಕ್ಕೂ ಆಯ್ಕೆಯಾದ. ಎರಡು ಆಟಗಳಲ್ಲಿಯೂ ಈ ಗೌರವ ಪಡೆದ ಮೊದಲಿಗ ಆತನೇ. ೧೯೯೧ರ ಜನವರಿ ೧೩ರಂದು ಸಿನ್ಸಿನಾಟಿ ತಂಡದೆದುರು ಓಡುತ್ತಿದ್ದಾಗ ಹಿಂದಿನಿಂದ ಹಿಡಿದು ಕೆಡವಿದರು. ಸೊಂಟದ ಕೀಲು ಜಾರಿತು. ಎಲುಬಿಗೆ ರಕ್ತ ಹರಿಯುವುದು ನಿಂತು ಕೀಲು ಸತ್ತಿತು. ಹವ್ಯಾಸದ ಆಟ ಕಸುಬಿನ ಆಟವನ್ನೂ ತಿಂದಿತು. ೧೯೯೨ರಲ್ಲಿ ಕೃತಕ ಕೀಲು ಹಾಕಿಸಿಕೊಂಡು, ೧೯೯೩ರಲ್ಲಿ ಷಿಕಾಗೋ ವೈಟ್ ಸಾಕ್ಸ್ ತಂಡಕ್ಕೆ ಮರಳಿ, ಮೊದಲ ಸರದಿಯಲ್ಲೇ ಹೋಮ್ ರನ್ ಹೊಡೆದ. ಬೇಸ್‌ಬಾಲು ಕೃತಕ ಸೊಂಟದವನಿಗೂ ಎರಡು ವರ್ಷ ಕೆಲಸ ಕೊಟ್ಟಿತು, ಫುಟ್‌ಬಾಲು ಕೊಡುವಂತಿರಲಿಲ್ಲ. ಮೊದಲೇ ತಲೆಪೆಟ್ಟಿನ ವಿಚಾರ ತಿಳಿದಿದ್ದರೆ ತಾನು ಫುಟ್‌ಬಾಲನ್ನು ಆಡುತ್ತಲೇ ಇರಲಿಲ್ಲವೆಂದು ೨೦೧೭ರಲ್ಲಿ ಆತ ಪತ್ರಿಕೆಯವರಿಗೆ ಹೇಳಿದ.

ಜಾಕ್ಸನ್ ಚೆಂಡು ಹಿಡಿದು ಓಡುವ ರನಿಂಗ್ ಬ್ಯಾಕ್. ಎಲ್ಲರೂ ಕೆಡವಲು ಬರುವುದು ಅವನನ್ನೇ. ಅಂಥವನಿಗೆ ಬೇಸ್‌ಬಾಲೇ ಸರಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕ್ವಾರ್ಟರ್‌ಬ್ಯಾಕಿನ ಮಾತು ಬೇರೆ. ಅವನನ್ನು ಕಾಯಲು ಐವರು ದೈತ್ಯರಿದ್ದಾರೆ, ನಿಯಮಗಳೂ ಅವನ ಪರವಾಗಿ ಬಿಗಿಯಾಗಿವೆ, ತಂಡದ ಹಣದಲ್ಲಿ ಸಿಂಹಪಾಲು ಅವನದೇ. ಕೈಲರ್ ಮರ್ರೆ ಎಂಬ ಕ್ವಾರ್ಟರ್‌ಬ್ಯಾಕನ್ನು ಓಕ್‌ಲೆಂಡ್ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ ೨೦೧೮ರಲ್ಲಿ ಒಂಬತ್ತನೆಯವನಾಗಿ ಆರಿಸಿ, ಸಹಿಗೆ ೪೬ ಲಕ್ಷ ೬೦ ಸಾವಿರ ಡಾಲರು ಗೊತ್ತುಮಾಡಿ, ಕಾಲೇಜಿಗಾಗಿ ಇನ್ನೊಂದು ಋತು ಫುಟ್‌ಬಾಲ್ ಆಡಲು ಬಿಟ್ಟಿತು. ಆ ಋತುವಿನಲ್ಲಿ ಅವನಿಗೆ ಹೈಸ್ಮನ್ ಬಂತು! ೨೦೧೯ರ ಫೆಬ್ರವರಿಯಲ್ಲಿ ಆತ ಬೇಸ್‌ಬಾಲಿಗೆ ಕೈಮುಗಿದು, ಪಡೆದಿದ್ದ ಹಣದ ಬಹುಭಾಗವನ್ನು ಹಿಂದಕ್ಕೆ ಕೊಟ್ಟ. ಏಪ್ರಿಲಿನಲ್ಲಿ ಅರಿಜೋನಾ ಕಾರ್ಡಿನಲ್ಸ್ ಫುಟ್‌ಬಾಲ್ ತಂಡಕ್ಕೆ ಮೊದಲ ಆಯ್ಕೆಯಾದ. ನಾಲ್ಕು ವರ್ಷಕ್ಕೆ ಸುಮಾರು ಮೂರೂವರೆ ಕೋಟಿ ಡಾಲರು. ಮೊಗಸಾಲೆಯಲ್ಲಿ ಕಾಯದೆಯೇ ಕೋಣೆಯೊಳಗೆ ಹೋಗುವ ದಾರಿ ತೆರೆದಾಗ ಕಾಯುವವರು ಯಾರು? ಮೇಲ್ಮಟ್ಟದ ಕರಾರುಗಳನ್ನು ಹೋಲಿಸಿದರೆ ಮಾತ್ರ ಇಂದಿಗೂ ಬೇಸ್‌ಬಾಲಿನ ತಕ್ಕಡಿಯೇ ಭಾರ. ಪ್ಯಾಟ್ರಿಕ್ ಮಹೋಮ್ಸ್ ಎಂಬ ಕ್ವಾರ್ಟರ್‌ಬ್ಯಾಕಿನೊಡನೆ ೨೦೨೦ರಲ್ಲಿ ಆದ ಹತ್ತು ವರ್ಷದ ಕರಾರು ಸುಮಾರು ೪೫ ಕೋಟಿ ಡಾಲರಿನದು, ಅದರಲ್ಲಿ ಒಂದು ಭಾಗ ಮಾತ್ರ ಖಾತರಿ. (ಈತನ ತಂದೆ ಮೇಜರ್ ಲೀಗಿನ ಪಿಚರ್, ಈತನನ್ನೂ ೨೦೧೪ರಲ್ಲಿ ಡೆಟ್ರಾಯಿಟ್ ಬೇಸ್‌ಬಾಲ್ ತಂಡ ಆರಿಸಿತ್ತು.) ೨೦೨೪ರ ಡಿಸೆಂಬರಿನಲ್ಲಿ ಹ್ವಾನ್ ಸೋಟೋ ಎಂಬ ಬೇಸ್‌ಬಾಲ್ ಆಟಗಾರನೊಡನೆ ನ್ಯೂಯಾರ್ಕ್ ಮೆಟ್ಸ್ ಮಾಡಿದ ಹದಿನೈದು ವರ್ಷದ ಕರಾರು ೭೬ ಕೋಟಿ ೫೦ ಲಕ್ಷದ್ದು, ಅಷ್ಟೂ ಖಾತರಿ.

ಬೇಸ್‌ಬಾಲನ್ನು ಮೊದಲು ಹಿಡಿಯುವವನಿಗೆ ಇನ್ನೊಂದು ಅನುಕೂಲವಿದೆ. ಬೇಸ್‌ಬಾಲಿನಲ್ಲಿ ಸಂಬಳ ಪಡೆದವನೂ ಕಾಲೇಜಿನಲ್ಲಿ ಫುಟ್‌ಬಾಲ್ ಆಡಬಹುದೆಂದು ಅಲ್ಲಿಯ ಕಾಲೇಜು ಕ್ರೀಡಾಸಂಸ್ಥೆಯ ನಿಯಮ. ಕ್ರಿಸ್ ವೈಂಕಿ ಎಂಬಾತ ೧೯೯೦ರಲ್ಲಿ ಟೊರಾಂಟೋ ಬೇಸ್‌ಬಾಲ್ ತಂಡಕ್ಕೆ ಸೇರಿ, ಆರು ಋತು ಮೈನರ್ ಲೀಗಿನಲ್ಲಿ ಸವೆದು, ಕಾಲೇಜಿಗೆ ಮರಳಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ೨೦೦೦ದಲ್ಲಿ, ಹೈಸ್ಮನ್ ಗೆದ್ದ. ಫುಟ್‌ಬಾಲನ್ನು ಮೊದಲು ಹಿಡಿದು, ಆರು ವರ್ಷ ಕಣ್ಣು ಪಳಗಿಸದೆ, ಬೇಸ್‌ಬಾಲಿಗೆ ಬಂದು ಗೆದ್ದವರನ್ನು ಹುಡುಕುವುದು ಕಷ್ಟ.

ಈಚಿನ ಕೆಲವು ವರ್ಷಗಳಿಂದ ಈ ಲೆಕ್ಕದ ಮೊದಲ ಸಾಲೇ ಬದಲಾಗುತ್ತಿದೆ. ೨೦೨೧ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದಾಯಿತು. ೨೦೨೫ರ ಜುಲೈಯಿಂದ ಕಾಲೇಜುಗಳೇ ಆಟದ ವರಮಾನದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದಾಗಿದೆ; ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು ೨ ಕೋಟಿ ೫ ಲಕ್ಷ ಡಾಲರಿನ ಮಿತಿ. ದೊಡ್ಡ ಕಾಲೇಜುಗಳಲ್ಲಿ ಇದರ ಬಹುಪಾಲು ಹೋಗುವುದು ಫುಟ್‌ಬಾಲಿಗೇ. ಬಾಗಿಲ ಹೊರಗೆ ಬಿಡಿಗಾಸಿಲ್ಲದೆ ಮೂರು ವರ್ಷ ನಿಲ್ಲುತ್ತಿದ್ದ ಹುಡುಗ ಈಗ ಅಲ್ಲಿಯೇ ಸಂಪಾದಿಸುತ್ತಾನೆ. ಹದಿನೆಂಟರ ಜೋ ಮವರನ ಮುಂದೆ ೨೦೦೧ರಲ್ಲಿ ಇದ್ದ ಕಾಗದಗಳೇ ಇಂದು ಅಂಥ ಹುಡುಗನೊಬ್ಬನ ಮುಂದೆ ಬಂದರೆ, ಬೇಸ್‌ಬಾಲ್ ತಂಡದವರು ಸಹಿಯ ಮೊಬಲಗಿಗೆ ಇನ್ನೂ ಕೆಲವು ಲಕ್ಷ ಸೇರಿಸಬೇಕಾದೀತು.